ವಿದ್ಯುತ್ ಬೈರಿಗೆಯ ಬಿಟ್ಟುಗಳು

ವಿದ್ಯುಚ್ಛಕ್ತಿಯಿಂದ ತಿರುಗುವ ಬೈರಿಗೆಯ ಮೂತಿಗೆ ಸಿಕ್ಕಿಸಿ, ಮರ, ಲೋಹ, ಕಲ್ಲು, ಇಟ್ಟಿಗೆ, ಗಾಜು ಮೊದಲಾದ ಘನಪದಾರ್ಥಗಳಲ್ಲಿ ದುಂಡನೆಯ ರಂಧ್ರವನ್ನು ಕೊರೆಯಲು ಬಳಸುವ, ತುದಿಯಲ್ಲಿ ಹರಿತವಾದ ಅಂಚುಳ್ಳ ಉಪಕರಣಕ್ಕೆ ಬಿಟ್ ಎಂದು ಹೆಸರು. ಯಂತ್ರವೂ ಬಿಟ್ಟೂ ಕೂಡಿಯೇ ಕೆಲಸ ನಡೆಯತಕ್ಕದ್ದಾದರೂ ಎರಡರ ಪಾತ್ರವೂ ಸಮಾನವಲ್ಲ. ಯಂತ್ರವು ತಿರುಗಿಸುವ ಬಲವನ್ನು ಒದಗಿಸುತ್ತದೆ, ಅಷ್ಟೆ; ಕತ್ತರಿಸುವುದು, ಹೆರೆಯುವುದು, ಜಜ್ಜುವುದು, ಸವೆಯಿಸುವುದು ಇವೆಲ್ಲವೂ ಬಿಟ್ಟಿನ ತುದಿಯ ಕೆಲವೇ ಮಿಲಿಮೀಟರುಗಳಲ್ಲಿ ಜರಗುವ ಕ್ರಿಯೆಗಳು. ಯಂತ್ರವನ್ನು ಕೊಳ್ಳುವಾಗ ಅದರ ವಾಟ್ ಎಷ್ಟು, ವೇಗವೆಷ್ಟು, ತಯಾರಕರು ಹೆಸರುವಾಸಿಗಳೇ ಎಂದು ಹತ್ತು ಬಾರಿ ವಿಚಾರಿಸುವ ಗೃಹಸ್ಥನು, ಬಿಟ್ಟಿನ ವಿಷಯಕ್ಕೆ ಬಂದಾಗ ಅಂಗಡಿಯವನು ಕೈಗಿತ್ತುದನ್ನು ಮರುಮಾತಿಲ್ಲದೆ ಕೊಂಡುತರುವುದು ಲೋಕರೂಢಿಯಾಗಿದೆ. ಆದರೆ ಓರೆಯಾದ ರಂಧ್ರವಾಗಲಿ, ಸೀಳಿಹೋದ ಮರವಾಗಲಿ, ಬಿರುಕುಬಿಟ್ಟ ಟೈಲಾಗಲಿ, ಹೊಗೆಯಾಡುವ ಮೊನೆಯಾಗಲಿ, ಇವುಗಳಿಗೆ ಯಂತ್ರವು ಕಾರಣವಾಗುವುದು ಅಪರೂಪ. ಪದಾರ್ಥಕ್ಕೆ ಒಗ್ಗದ ಬಿಟ್ಟು, ಬಿಟ್ಟಿಗೆ ಒಗ್ಗದ ವೇಗ, ಮೊಂಡುಬಿದ್ದ ಅಂಚು ಎಂಬ ಮೂರರಲ್ಲಿ ಯಾವುದಾದರೊಂದು ಅಲ್ಲಿ ಅಡಗಿರುತ್ತದೆ.

ಕೊರೆಯುವ ವಿದ್ಯೆಯು ಲೋಹಗಳ ಬಳಕೆಗಿಂತಲೂ ಪುರಾತನವಾದುದು. ಬಲೂಚಿಸ್ತಾನದ ಮೆಹರ್‌ಗಢದ ನವಶಿಲಾಯುಗದ ಸಮಾಧಿಗಳಲ್ಲಿ ದೊರೆತ, ಇಂದಿಗೆ ಸುಮಾರು 7,500ರಿಂದ 9,000 ವರ್ಷಗಳಷ್ಟು ಹಿಂದಿನ ಒಂಬತ್ತು ಮಂದಿಯ ಹನ್ನೊಂದು ದವಡೆಹಲ್ಲುಗಳಲ್ಲಿ ಚಕಮಕಿ ಕಲ್ಲಿನ ಮೊನೆಯಿಂದ ಕೊರೆದ ಕುಳಿಗಳನ್ನು ಪುರಾತತ್ತ್ವಜ್ಞರು ಗುರುತಿಸಿದ್ದಾರೆ. ಮಣಿಗಳಿಗೆ ತೂತು ಮಾಡುತ್ತಿದ್ದ ಕುಶಲಕರ್ಮಿಗಳ ಕೈಚಳಕವೇ ಹಲ್ಲಿನ ಚಿಕಿತ್ಸೆಗೂ ಒದಗಿತೆಂಬುದು ಅವರ ಅಭಿಪ್ರಾಯ. ಸಿಂಧೂ ನಾಗರಿಕತೆಯ ಮಣಿಗಾರರು ಕೆಂಪು ಕಾರ್ನೀಲಿಯನ್ ಶಿಲೆಯ ನೀಳವಾದ ಮಣಿಗಳನ್ನು ಉದ್ದಕ್ಕೂ ಕೊರೆದರು. ಈಜಿಪ್ಟಿನ ಶಿಲ್ಪಿಗಳು ತಾಮ್ರದ ಕೊಳವೆಯ ಅಡಿಗೆ ಮರಳನ್ನು ಹಾಕಿ ತಿರುಗಿಸಿ ಗಟ್ಟಿಶಿಲೆಯಲ್ಲಿ ರಂಧ್ರ ತೆಗೆದರು. ಗುಜರಾತಿನ ಖಂಭಾತದವರು ವಜ್ರದ ಚೂರುಗಳನ್ನು ಮೊನೆಗೆ ಕೂರಿಸಿದ ಬಿಲ್ಲುಬೈರಿಗೆಯಿಂದ ಅಕೀಕದ ಮಣಿಗಳನ್ನು ಪೋಣಿಸಲು ಯೋಗ್ಯವಾಗಿಸಿದರು. ಈಜಿಪ್ಟಿನವರು ಬಳಸಿದ ತಾಮ್ರವು ಕಲ್ಲಿಗಿಂತ ಮೆದುವಾದ ಲೋಹ. ಕೊರೆದದ್ದು ಅದಲ್ಲ, ಅದರ ಅಂಚಿಗೆ ಸಿಕ್ಕಿದ ಮರಳು. ಕೊರೆಯುವ ಕಣವು ಕೊರೆಸಿಕೊಳ್ಳುವ ಪದಾರ್ಥಕ್ಕಿಂತ ಕಠಿಣವಾಗಿರಬೇಕು, ಅದನ್ನು ಹಿಡಿದು ತಿರುಗಿಸುವ ಮೈ ಹೇಗಿದ್ದರೂ ಸಾಗುತ್ತದೆ ಎಂಬ ಈ ತತ್ತ್ವವನ್ನೇ, ಇಂದು ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ ನಲ್ಲಿಗೆ ತೂತು ತೆಗೆಯುವ ವಜ್ರದ ಕೊಳವೆ ಬಿಟ್ಟಿನಲ್ಲಿಯೂ ಕಾಣಬಹುದು.

ಹಳೆಯ ಚಪ್ಪಟೆ ಮೊನೆಯ ಬೈರಿಗೆಗಳ ದೊಡ್ಡ ಕೊರತೆಯೆಂದರೆ, ಕೊರೆದ ಪುಡಿಯು ರಂಧ್ರದೊಳಗೇ ಉಳಿಯುತ್ತಿದ್ದುದು. ಹಗ್ಗ ಸುತ್ತಿ ಹಿಂದುಮುಂದಾಗಿ ಎಳೆಯುವ ಬಡಗಿಯ ಬೈರಿಗೆಯನ್ನು ನಡುನಡುವೆ ಹೊರತೆಗೆದು ಹೊಟ್ಟನ್ನು ಊದಬೇಕಾಗುತ್ತಿತ್ತು. ಮೈಮೇಲೆ ಸುರುಳಿಯಾಕಾರದ ತೋಡುಗಳಿದ್ದರೆ ಪುಡಿಯು ತಾನಾಗಿ ಮೇಲೇರಿ ಹೊರಬೀಳುವುದೆಂಬುದು ತಿಳಿದಿತ್ತಾದರೂ, ಗಟ್ಟಿ ಉಕ್ಕಿನ ಸಣ್ಣ ಕಡ್ಡಿಯ ಮೇಲೆ ಅಂಥ ತೋಡುಗಳನ್ನು ಒಂದೇ ಸಮನಾಗಿ ತೆಗೆಯುವುದು ದುಸ್ಸಾಧ್ಯವಾಗಿತ್ತು. ಅಮೆರಿಕದ ಅಂತರ್ಯುದ್ಧದ ಆರಂಭದಲ್ಲಿ, ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದ ಬಂದೂಕು ಕಾರ್ಖಾನೆಯೊಂದರಲ್ಲಿ, ಕೋವಿಯ ಕೇಪು ಕೂರುವ ಪುಟ್ಟ ಕೊಳವೆಗಳನ್ನು ಕೊರೆಯಲು ಬೇಕಾದ ಬಿಟ್ಟುಗಳ ತೋಡುಗಳನ್ನು ಕೆಲಸಗಾರರು ಸಪೂರವಾದ ದುಂಡು ಅರದಿಂದ ಕೈಯಲ್ಲೇ ಉಜ್ಜಿ ತೆಗೆಯುತ್ತಿದ್ದರಂತೆ. ಅಲ್ಲಿನ ಮೇಲ್ವಿಚಾರಕ ಫ್ರೆಡರಿಕ್ ಹೌ ಈ ಕಷ್ಟವನ್ನು ಯಂತ್ರಶಿಲ್ಪಿ ಜೋಸೆಫ್ ಬ್ರೌನನ ಮುಂದಿಡಲಾಗಿ, ಅವನು 1862ರಲ್ಲಿ ರಚಿಸಿಕೊಟ್ಟ ಯಂತ್ರವೇ ಮುಂದೆ ಸರ್ವತ್ರ ಪ್ರಸಿದ್ಧವಾದ ಯೂನಿವರ್ಸಲ್ ಮಿಲ್ಲಿಂಗ್ ಯಂತ್ರ. ಒಂದು ಸಣ್ಣ ಬಿಟ್ಟಿನ ತೋಡಿಗೋಸ್ಕರ ಹುಟ್ಟಿದ ಯಂತ್ರವು ಕಾರ್ಖಾನೆಗಳ ಚರಿತ್ರೆಯನ್ನೇ ಬದಲಿಸಿದುದು ಯಂತ್ರವಿದ್ಯೆಯ ಸ್ವಾರಸ್ಯವಾದ ಪ್ರಸಂಗಗಳಲ್ಲೊಂದು. ಮರುವರ್ಷ, 1863ರಲ್ಲಿ, ಮ್ಯಾಸಚೂಸೆಟ್ಸಿನ ಸ್ಟೀಫನ್ ಮೋರ್ಸ್ ಎಂಬಾತನು ಸುರುಳಿ ಬಿಟ್ಟಿಗೆ ಹಕ್ಕುಪತ್ರವನ್ನು (ಪೇಟೆಂಟ್) ಪಡೆದು, 1864ರಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದನು. ಟ್ವಿಸ್ಟ್ ಡ್ರಿಲ್ ಎಂಬ ಆ ಬಿಟ್ಟಿನ ರೂಪವು ನೂರೈವತ್ತು ವರ್ಷಗಳ ಮೇಲಾದರೂ ಮೂಲತಃ ಹಾಗೆಯೇ ಉಳಿದಿದೆ.

ಯಂತ್ರದ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ವಿದ್ಯುತ್ ಬೈರಿಗೆಗೆ ಮೊದಲ ಹಕ್ಕುಪತ್ರವನ್ನು 1889ರಲ್ಲಿ ಮೆಲ್ಬರ್ನಿನಲ್ಲಿ ಆರ್ನಟ್ ಮತ್ತು ಬ್ರೇನ್ ಎಂಬವರು ಪಡೆದರು. ಕೈಯಲ್ಲಿ ಹಿಡಿಯಬಹುದಾದ ಯಂತ್ರವನ್ನು 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಸಂಸ್ಥೆಯವರು ರಚಿಸಿದರು. ಪಿಸ್ತೂಲಿನ ಹಿಡಿಯೂ ಕುದುರೆಯೂ ಉಳ್ಳ ಇಂದಿನ ಆಕೃತಿಗೆ 1917ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಸಂಸ್ಥೆಯು ಹಕ್ಕುಪತ್ರ ಪಡೆಯಿತು. ಬಿಟ್ಟನ್ನು ಮೂರು ದವಡೆಗಳಿಂದ ಕಚ್ಚಿ ಹಿಡಿಯುವ, ಕೀಲಿಯಿಂದ ಬಿಗಿಯುವ ಚಕ್ ಎಂಬ ಅಂಗವು ಆರ್ಥರ್ ಜೇಕಬ್ಸ್ ಎಂಬಾತನ 1902ರ ಹಕ್ಕುಪತ್ರದಿಂದ ಬಂದುದು.

ಬಿಟ್ಟನ್ನು ಆರಿಸಬೇಕಾದರೆ ಅದರ ಅಂಗರಚನೆಯನ್ನು ಅರಿಯುವುದು ಅವಶ್ಯ. ಸುರುಳಿ ಬಿಟ್ಟಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ, ನಡುವಿನಿಂದ ಹೊರಕ್ಕೆ ಇಳಿಜಾರಾಗಿ ಸಾಗುವ ಎರಡು ಕತ್ತರಿಸುವ ಅಂಚುಗಳೂ, ಅವೆರಡನ್ನೂ ಕೂಡಿಸುವ ಉಳಿಯಂತಹ ಒಂದು ಕಿರಿಯ ಅಡ್ಡಗೆರೆಯೂ ಕಾಣುತ್ತವೆ. ಹೊರಗಿನ ಎರಡು ಅಂಚುಗಳೇ ನಿಜವಾಗಿ ಲೋಹವನ್ನು ಸುಲಿಯತಕ್ಕವು. ನಡುವಿನ ಉಳಿಗೆರೆಯು ಸುಲಿಯುವುದಿಲ್ಲ. ಅದು ಲೋಹವನ್ನು ಒತ್ತಿ ಪಕ್ಕಕ್ಕೆ ತಳ್ಳುತ್ತದೆ, ನಾವು ಯಂತ್ರದ ಮೇಲೆ ಹಾಕುವ ಭಾರದ ದೊಡ್ಡ ಪಾಲನ್ನು ತಾನೊಂದೇ ನುಂಗುತ್ತದೆ. ನುಣುಪಾದ ಉಕ್ಕಿನ ಮೇಲೆ ಬಿಟ್ಟನ್ನು ಇಟ್ಟು ತಿರುಗಿಸಿದೊಡನೆ ಅದು ಗುರುತಿನಿಂದ ಜಾರಿ ಅಲೆದಾಡುವುದಕ್ಕೂ ಈ ಗೆರೆಯೇ ಕಾರಣ. ಸೆಂಟರ್ ಪಂಚಿನಿಂದ ಮೊದಲು ಒಂದು ಕುಳಿಯನ್ನು ಹೊಡೆದುಕೊಳ್ಳಬೇಕೆಂಬ ಫಿಟ್ಟರುಗಳ ನಿಯಮವೂ, ದೊಡ್ಡ ರಂಧ್ರಕ್ಕೆ ಮುಂಚೆ ಸಣ್ಣದೊಂದನ್ನು ಕೊರೆದುಕೊಳ್ಳಬೇಕೆಂಬ ನಿಯಮವೂ ಇದರಿಂದಲೇ ಹುಟ್ಟಿದವು. ಮೊದಲಿನ ಸಣ್ಣ ರಂಧ್ರವು ದೊಡ್ಡ ಬಿಟ್ಟಿನ ಉಳಿಗೆರೆಗಿಂತ ತುಸು ಅಗಲವಾಗಿದ್ದರೆ ಸಾಕು, ಅದಕ್ಕಿಂತ ಹೆಚ್ಚು ದೊಡ್ಡದಾದರೆ ಪ್ರಯೋಜನವಿಲ್ಲ.

ಎರಡು ಅಂಚುಗಳ ನಡುವಿನ ಕೋನಕ್ಕೆ ತುದಿಕೋನವೆನ್ನುವರು. ಸಾಮಾನ್ಯ ಬಳಕೆಯ ಬಿಟ್ಟುಗಳಲ್ಲಿ ಇದು 118 ಡಿಗ್ರಿ. ಗಟ್ಟಿ ಉಕ್ಕಿಗೂ ಸ್ಟೇನ್‌ಲೆಸ್ ಸ್ಟೀಲಿಗೂ 135 ಡಿಗ್ರಿಯ ಚಪ್ಪಟೆಯಾದ ತುದಿ ಯೋಗ್ಯ. ಇಂಥ ಬಿಟ್ಟುಗಳಲ್ಲಿ ಉಳಿಗೆರೆಯನ್ನು ಎರಡೂ ಕಡೆ ಸೀಳಿ ಸಾಣೆ ಹಿಡಿದು ಅದಕ್ಕೂ ಕತ್ತರಿಸುವ ಶಕ್ತಿಯನ್ನು ಕೊಟ್ಟಿರುವುದುಂಟು, ಆಗ ಬಿಟ್ಟು ಜಾರುವುದೂ ಕಡಿಮೆ, ಒತ್ತಬೇಕಾದ ಬಲವೂ ಕಡಿಮೆ. ಕತ್ತರಿಸುವ ಅಂಚಿನ ಹಿಂಬದಿಯ ಮೈಯು 8ರಿಂದ 12 ಡಿಗ್ರಿಯಷ್ಟು ಕೆಳಗಿಳಿದಿರತಕ್ಕದ್ದು. ಇಳಿಜಾರಿಲ್ಲದಿದ್ದರೆ ಅಂಚು ಪದಾರ್ಥವನ್ನು ಮುಟ್ಟುವುದೇ ಇಲ್ಲ, ಬೆನ್ನು ಉಜ್ಜುತ್ತದೆ. ಸುರುಳಿ ತೋಡಿನ ವಾಲುವಿಕೆಯು ಸಾಧಾರಣವಾಗಿ 30 ಡಿಗ್ರಿಯ ಆಸುಪಾಸಿನಲ್ಲಿರುವುದು. ಹಿತ್ತಾಳೆಗೆ ಇದು ಕಡಿಮೆಯಿರಬೇಕು, ಏಕೆಂದರೆ ಕಡಿದಾದ ಸುರುಳಿಯ ಅಂಚು ಹಿತ್ತಾಳೆಯೊಳಗೆ ತಾನೇ ನುಗ್ಗಿ ಕಚ್ಚಿಕೊಂಡುಬಿಡುತ್ತದೆ. ಅನುಭವಿಗಳಾದ ಕೆಲಸಗಾರರು ಅಂಚಿನ ಮುಂಭಾಗವನ್ನು ಎಣ್ಣೆಕಲ್ಲಿನಿಂದ ತುಸುವೇ ಚಪ್ಪಟೆ ಮಾಡಿಕೊಂಡು ಈ ಕಷ್ಟವನ್ನು ಪರಿಹರಿಸಿಕೊಳ್ಳುತ್ತಾರೆ. ಬಿಟ್ಟಿನ ಮೈ ಹಿಡಿಯ ಕಡೆಗೆ ಅತ್ಯಲ್ಪವಾಗಿ ಸಪೂರಾಗುತ್ತ ಹೋಗುವುದರಿಂದ ಅದು ರಂಧ್ರದ ಗೋಡೆಗೆ ಉಜ್ಜಿ ಸಿಕ್ಕಿಕೊಳ್ಳುವುದಿಲ್ಲ.

ಬಿಟ್ಟುಗಳನ್ನು ಯಾವುದರಿಂದ ಮಾಡಿದ್ದಾರೆಂಬುದು ಆಕೃತಿಯಷ್ಟೇ ಮುಖ್ಯವಾದ ವಿಷಯ. ಸಾಮಾನ್ಯ ಇಂಗಾಲದ ಉಕ್ಕಿನ ಬಿಟ್ಟು ಅಗ್ಗ, ಹರಿತವೂ ಹೌದು. ಆದರೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಹದ ಕಳೆದುಕೊಂಡು ಮೆತ್ತಗಾಗುತ್ತದೆ. ಇದು ಮರಕ್ಕೆ ಮಾತ್ರ ಲಾಯಕ್ಕು. ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ ಎಂಬ ಅಮೆರಿಕನ್ನರು ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಸಾಧಿಸಿ, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿದ ಹೈಸ್ಪೀಡ್ ಸ್ಟೀಲಿನಿಂದ ಈ ಮಿತಿ ದೂರವಾಯಿತು. ಟಂಗ್‌ಸ್ಟನ್, ಮಾಲಿಬ್ಡಿನಂ, ಕ್ರೋಮಿಯಂ, ವೆನೇಡಿಯಂ ಕೂಡಿದ ಈ ಉಕ್ಕು ಸುಮಾರು 600 ಡಿಗ್ರಿಯವರೆಗೂ, ಎಂದರೆ ಮಂದವಾಗಿ ಕೆಂಪೇರುವವರೆಗೂ, ತನ್ನ ಕಾಠಿಣ್ಯವನ್ನು ಬಿಟ್ಟುಕೊಡದು. ಬಿಟ್ಟಿನ ಹಿಡಿಯ ಮೇಲೆ ಎಚ್‌ಎಸ್‌ಎಸ್ ಎಂಬ ಅಕ್ಷರಗಳು ಒತ್ತಿದ್ದರೆ ಅದು ಈ ಜಾತಿಯದೆಂದು ತಿಳಿಯಬೇಕು. ಇದಕ್ಕೆ ಶೇಕಡಾ 5 ಅಥವಾ 8ರಷ್ಟು ಕೋಬಾಲ್ಟನ್ನು ಬೆರೆಸಿದರೆ ಶಾಖವನ್ನು ಇನ್ನೂ ಹೆಚ್ಚು ತಾಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ಅಂಥದು ಬೇಕು. ಆದರೆ ಕೋಬಾಲ್ಟ್ ಬಿಟ್ಟು ಪೆಳಸು, ಅಲುಗಾಡುವ ಕೈಯಲ್ಲಿ ಮುರಿಯುವುದೇ ಹೆಚ್ಚು.

ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಚಿನ್ನದ ಬಣ್ಣದಿಂದ ಥಳಥಳಿಸುವ ಬಿಟ್ಟುಗಳು ಗಿರಾಕಿಯ ಕಣ್ಣನ್ನು ಮೊದಲು ಸೆಳೆಯುತ್ತವೆ. ಆ ಬಣ್ಣವು ಟೈಟೇನಿಯಂ ನೈಟ್ರೈಡ್ ಎಂಬ ಅತಿಕಠಿಣವಾದ ತೆಳುಲೇಪದ್ದು. ಯೋಗ್ಯವಾದ ಉಕ್ಕಿನ ಮೇಲೆ ಯೋಗ್ಯ ರೀತಿಯಲ್ಲಿ ಲೇಪಿಸಿದಲ್ಲಿ ಅದು ಘರ್ಷಣೆಯನ್ನು ತಗ್ಗಿಸಿ ಬಾಳಿಕೆಯನ್ನು ಹೆಚ್ಚಿಸುವುದು ನಿಜ. ಆದರೆ ಲೇಪದ ಅಡಿಯಲ್ಲಿರುವ ಉಕ್ಕು ಎಂಥದೆಂಬುದನ್ನು ಬಣ್ಣ ಹೇಳುವುದಿಲ್ಲ, ಒಮ್ಮೆ ಸಾಣೆ ಹಿಡಿದರೆ ಅಂಚಿನ ಮೇಲಿನ ಲೇಪವು ಹೋಗಿಯೇಬಿಡುತ್ತದೆ. ಒಳ್ಳೆಯ ಉಕ್ಕಿನ ಕಪ್ಪು ಬಿಟ್ಟು ಕೀಳು ಉಕ್ಕಿನ ಹೊನ್ನಿನ ಬಣ್ಣದ ಬಿಟ್ಟಿಗಿಂತ ಸದಾ ಮೇಲು.

ಬಿಟ್ಟು ಮಾಡುವ ಪದಾರ್ಥಗಳಲ್ಲಿ ಮೂರನೆಯದು ಟಂಗ್‌ಸ್ಟನ್ ಕಾರ್ಬೈಡ್. ಟಂಗ್‌ಸ್ಟನ್ ಮತ್ತು ಇಂಗಾಲದ ಸಂಯುಕ್ತದ ಪುಡಿಯನ್ನು ಕೋಬಾಲ್ಟಿನೊಡನೆ ಒತ್ತಿ, ಕರಗಿಸದೆ ಕಾಯಿಸಿ ಗಟ್ಟಿಮಾಡಿದ ಈ ಪದಾರ್ಥವನ್ನು 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಸಂಸ್ಥೆಯು ವಿಡಿಯಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಆ ಹೆಸರಿನ ಭಾರತೀಯ ಕಂಪನಿಯು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, ತುಮಕೂರು ರಸ್ತೆಯ ಕಾರ್ಖಾನೆಯಲ್ಲಿ ಕಾರ್ಬೈಡ್ ಉಪಕರಣಗಳನ್ನು ತಯಾರಿಸಿತು. ಇಂದು ಅದು ಕೆನ್ನಾಮೆಟಲ್ ಇಂಡಿಯಾ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಕಾರ್ಬೈಡ್ ತುಣುಕುಳ್ಳ ಯಾವ ಬಿಟ್ಟನ್ನಾದರೂ ವಿಡಿಯಾ ಬಿಟ್ ಎನ್ನುವ ರೂಢಿ ಕೆಲಸಗಾರರಲ್ಲಿ ಈಗಲೂ ಉಂಟು. ಕಲ್ಲು ಕಾಂಕ್ರೀಟುಗಳ ಸವೆತಕ್ಕೆ ಉಕ್ಕಿನ ಅಂಚು ಒಂದೆರಡು ನಿಮಿಷವೂ ನಿಲ್ಲಲಾರದು. ಆದುದರಿಂದ ಗೋಡೆಯ ಬಿಟ್ಟಿನಲ್ಲಿ ಮೈಯನ್ನು ಸಾಧಾರಣ ಉಕ್ಕಿನಿಂದ ಮಾಡಿ, ತುದಿಯ ಸೀಳಿನಲ್ಲಿ ಮಾತ್ರ ಕಾರ್ಬೈಡಿನ ತುಣುಕನ್ನು ಬೆಸೆದಿರುತ್ತಾರೆ. ಈ ತುಣುಕು ಉಕ್ಕಿನ ಮೈಗಿಂತ ತುಸು ಅಗಲವಾಗಿ ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಗೋಡೆಯ ಬಿಟ್ಟನ್ನು ಗುರುತಿಸಲು ಅದೇ ಸುಲಭದ ಲಕ್ಷಣ.

ಮರದ ಕೆಲಸಕ್ಕೆ ಸುರುಳಿ ಬಿಟ್ಟೇ ಸಾಕೆಂದು ಬಹುಜನರ ನಂಬಿಕೆ. ರಂಧ್ರವು ಆಗುವುದೇನೋ ದಿಟ, ಆದರೆ ಬಾಯಿಯ ಸುತ್ತ ನಾರುಗಳು ಹರಿದು ಸೀಬಾಗುತ್ತವೆ. ಮರವು ಲೋಹದಂತೆ ಏಕರೂಪದ ಪದಾರ್ಥವಲ್ಲ; ಅದು ನಾರುಗಳ ಕಟ್ಟು. ನಾರುಗಳನ್ನು ಮೊದಲು ಸುತ್ತಲೂ ಕತ್ತರಿಸಿ ಬಳಿಕ ನಡುವಿನ ತಿರುಳನ್ನು ಎತ್ತಬೇಕು. ಬ್ರಾಡ್ ಪಾಯಿಂಟ್ ಎಂಬ ಮರದ ಬಿಟ್ಟಿನಲ್ಲಿ ನಡುವೆ ಚೂಪಾದ ಮೊನೆಯೊಂದು ಗುರುತನ್ನು ಕಚ್ಚಿ ಹಿಡಿಯುತ್ತದೆ, ಹೊರ ಅಂಚಿನ ಎರಡು ಮುಳ್ಳುಗಳು ವೃತ್ತವನ್ನು ಗೀರಿ ನಾರನ್ನು ಕಡಿಯುತ್ತವೆ. ತೇಗ, ಬೀಟೆ, ಹಲಸಿನಂತಹ ಒಳ್ಳೆಯ ಮರದಲ್ಲಿ ಕಣ್ಣಿಗೆ ಕಾಣುವ ಕೆಲಸಕ್ಕೆ ಇದಕ್ಕಿಂತ ಉತ್ತಮವಾದುದಿಲ್ಲ. ಸಲಿಕೆಯಾಕಾರದ ಚಪ್ಪಟೆ ಬಿಟ್ಟು ತ್ವರಿತವಾಗಿ ಕೊರೆಯುವುದಾದರೂ ಒರಟು. ತಂತಿ ಹಾಯಿಸುವ ತೂತುಗಳಿಗೆ ಸರಿ. ಆಗರ್ ಎಂಬುದರ ತುದಿಯಲ್ಲಿ ಸ್ಕ್ರೂವಿನಂತಹ ಮರೆಯಿದ್ದು ಅದು ಬಿಟ್ಟನ್ನು ತಾನಾಗಿ ಮರದೊಳಕ್ಕೆ ಎಳೆದುಕೊಳ್ಳುವುದರಿಂದ, ತೊಲೆ ಕಂಬಗಳಲ್ಲಿ ಆಳವಾದ ರಂಧ್ರಕ್ಕೆ ಅದು ಪ್ರಶಸ್ತ. ಆದರೆ ವೇಗವನ್ನು ತಗ್ಗಿಸಿಕೊಳ್ಳದೆ ಅದನ್ನು ಬಳಸಿದರೆ ಯಂತ್ರವು ಕೈಯಿಂದ ಕಿತ್ತುಕೊಳ್ಳುವುದು.

ಅಮೆರಿಕದ ಓರೆಗನ್ ಪ್ರಾಂತದ ಬೆಂಜಮಿನ್ ಫೋರ್ಸ್ಟ್ನರ್ 1874ರಲ್ಲಿ ಹಕ್ಕುಪತ್ರ ಪಡೆದ ಬಿಟ್ಟಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಉಳಿದವೆಲ್ಲ ನಡುವಿನ ಮೊನೆಯ ಆಧಾರದಿಂದ ದಾರಿ ಹಿಡಿದರೆ, ಇದು ತನ್ನ ಹೊರವಲಯದ ವೃತ್ತಾಕಾರದ ಅಂಚನ್ನೇ ಆಧಾರವಾಗಿ ಹಿಡಿದು ಸಾಗುತ್ತದೆ. ಅದರ ಫಲವಾಗಿ ಚಪ್ಪಟೆ ತಳವುಳ್ಳ ಕುಳಿಯನ್ನೂ, ಹಲಗೆಯ ಅಂಚಿಗೆ ಅರ್ಧ ಹೊರಬಿದ್ದ ರಂಧ್ರವನ್ನೂ, ಒಂದರ ಮೇಲೊಂದು ಹಾಯುವ ರಂಧ್ರಗಳನ್ನೂ ಇದರಿಂದ ನಯವಾಗಿ ತೆಗೆಯಬಹುದು. ಕಪಾಟಿನ ಬಾಗಿಲುಗಳ ಒಳಬಿಜಾಗರಿಗೆ ಬೇಕಾದ 35 ಮಿಲಿಮೀಟರಿನ ಕುಳಿಯನ್ನು ಬಡಗಿಗಳು ಕೊರೆಯುವುದು ಇದೇ ಜಾತಿಯ ಬಿಟ್ಟಿನಿಂದ. ಇನ್ನೂ ದೊಡ್ಡ ರಂಧ್ರಗಳಿಗೆ ಹಲ್ಲುಳ್ಳ ಬಟ್ಟಲಿನಂತಿರುವ ಹೋಲ್ ಸಾ ಉಂಟು. ಯಾವ ಬಿಟ್ಟಿನಿಂದಲಾದರೂ ಹಲಗೆಯ ಹಿಂಬದಿ ಸೀಳದಂತೆ ಮಾಡುವ ಉಪಾಯಗಳು ಎರಡು: ಹಿಂದೆ ಬೇಡವಾದ ಮರದ ತುಂಡನ್ನು ಒತ್ತಿ ಬಿಗಿಯುವುದು, ಅಥವಾ ಮೊನೆಯು ಹಿಂಬದಿಯಲ್ಲಿ ಇಣುಕಿದ ಕೂಡಲೆ ನಿಲ್ಲಿಸಿ ಆ ಕಡೆಯಿಂದ ಕೊರೆದು ಮುಗಿಸುವುದು. ಸ್ಕ್ರೂಗಳಿಗಾಗಿ ಮುಂಚಿತವಾಗಿ ಕೊರೆಯುವ ರಂಧ್ರವು ಗಟ್ಟಿ ಮರದಲ್ಲಿ ಸ್ಕ್ರೂವಿನ ಮರೆಗಳನ್ನು ಬಿಟ್ಟು ಒಳತಿರುಳಿನ ದಪ್ಪಕ್ಕೆ ಸಮನಾಗಿರಬೇಕು, ಮೆದು ಮರದಲ್ಲಿ ಅದಕ್ಕಿಂತ ತುಸು ಚಿಕ್ಕದಾಗಿರಬೇಕು.

ನಮ್ಮ ಮನೆಗಳಲ್ಲಿ ವಿದ್ಯುತ್ ಬೈರಿಗೆಗೆ ಅತ್ಯಧಿಕವಾಗಿ ಕೆಲಸ ಬೀಳುವುದು ಗೋಡೆಯಲ್ಲಿ. ಗೋಡೆಯೆಂಬುದು ಒಂದೇ ಪದಾರ್ಥವಲ್ಲವೆಂಬುದನ್ನು ಮರೆತು ಎಲ್ಲಕ್ಕೂ ಒಂದೇ ರೀತಿಯಲ್ಲಿ ಬಡಿಯುವುದರಿಂದ ಕೆಲಸ ಕೆಡುತ್ತದೆ. ಸುಟ್ಟ ಇಟ್ಟಿಗೆಯ ಗೋಡೆಗೆ ಕಾರ್ಬೈಡ್ ತುದಿಯ ಬಿಟ್ಟೂ, ಹದವಾದ ವೇಗವೂ, ಹಗುರವಾದ ಬಡಿತವೂ ಸಾಕು. ಕರಾವಳಿಯ ಕೆಂಪುಕಲ್ಲಿನ ಗೋಡೆಯಲ್ಲಿಯೂ, ಹಳೆಯ ಮಣ್ಣಿನ ಗೋಡೆಯಲ್ಲಿಯೂ, ಟೊಳ್ಳು ಬ್ಲಾಕಿನಲ್ಲಿಯೂ ಬಡಿತವನ್ನು ನಿಲ್ಲಿಸಿಯೇ ಕೊರೆಯಬೇಕು, ಇಲ್ಲವಾದರೆ ಬಾಯಿ ಉದುರಿ ರಂಧ್ರವು ಬೇಕಾದುದಕ್ಕಿಂತ ದೊಡ್ಡದಾಗುತ್ತದೆ. ಕಾಂಕ್ರೀಟಿನ ತೊಲೆ, ಕಂಬ, ತಾರಸಿಗಳಾದರೋ ಜಲ್ಲಿಕಲ್ಲಿನಿಂದ ತುಂಬಿದವು. ಅಲ್ಲಿ ಕಾರ್ಬೈಡ್ ಕೂಡ ತಿರುಗಿದರೆ ಸಾಲದು, ಕಲ್ಲನ್ನು ಒಡೆಯಬೇಕು.

ಬಡಿತದಲ್ಲಿ ಎರಡು ವಿಧ. ಮನೆಬಳಕೆಯ ಸಾಧಾರಣ ಹ್ಯಾಮರ್ ಡ್ರಿಲ್ಲಿನಲ್ಲಿ ಹಲ್ಲುಗಳುಳ್ಳ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತ ಚಕ್ಕನ್ನೇ ಕಿರಿದಾಗಿ ಹಿಂದುಮುಂದಕ್ಕೆ ಕುಲುಕುತ್ತವೆ. ಸದ್ದು ಬಹಳ, ಪೆಟ್ಟು ಅಲ್ಪ, ಕೈಯಿಂದ ಒತ್ತುವ ಬಲವೆಲ್ಲವೂ ನಮ್ಮದೇ. ರೋಟರಿ ಹ್ಯಾಮರಿನಲ್ಲಿ ಕೊಂತವೊಂದು (ಪಿಸ್ಟನ್) ಒಳಗಿನ ಗಾಳಿಯನ್ನು ಅದುಮಿ, ಆ ಗಾಳಿಯು ಸುತ್ತಿಗೆಯಂತಹ ತುಂಡೊಂದನ್ನು ಬಿಟ್ಟಿನ ಹಿಂಬದಿಗೆ ಹೊಡೆಯುತ್ತದೆ; ಪೆಟ್ಟು ನೇರವಾಗಿ ಬಿಟ್ಟಿಗೆ ತಾಗುವುದರಿಂದ ಹೆಚ್ಚು ಒತ್ತಬೇಕಾದುದಿಲ್ಲ. ಇದಕ್ಕೆ ದುಂಡು ಹಿಡಿಯ ಬಿಟ್ಟುಗಳು ಒಗ್ಗವು. 1970ರ ದಶಕದಲ್ಲಿ ಬಾಷ್ ಸಂಸ್ಥೆಯಿಂದ ಬಂದ ಎಸ್‌ಡಿಎಸ್ ಹಿಡಿಯ ಬಿಟ್ಟುಗಳೇ ಬೇಕು. ಹಿಡಿಯ ಮೇಲಿನ ತೋಡುಗಳಿಂದಾಗಿ ಅವು ಮುಂದಕ್ಕೂ ಹಿಂದಕ್ಕೂ ಸ್ವಲ್ಪ ಜಾರಬಲ್ಲವಾದರೂ ಕಳಚಿಬೀಳುವುದಿಲ್ಲ. ಸಣ್ಣ ಯಂತ್ರಗಳ ಎಸ್‌ಡಿಎಸ್ ಪ್ಲಸ್ ಹಿಡಿಯು 10 ಮಿಲಿಮೀಟರ್ ದಪ್ಪ, ಭಾರಿ ಯಂತ್ರಗಳ ಎಸ್‌ಡಿಎಸ್ ಮ್ಯಾಕ್ಸ್ 18 ಮಿಲಿಮೀಟರ್. ಒಂದರ ಬಿಟ್ಟು ಇನ್ನೊಂದಕ್ಕೆ ಹೊಂದದು. ಕಾಂಕ್ರೀಟಿನಲ್ಲಿ ನಾಲ್ಕಾರು ರಂಧ್ರಗಳಿಗಿಂತ ಹೆಚ್ಚು ಕೊರೆಯಬೇಕಾದವರು ಹ್ಯಾಮರ್ ಡ್ರಿಲ್ಲಿನೊಡನೆ ಹೆಣಗುವ ಬದಲು ರೋಟರಿ ಹ್ಯಾಮರನ್ನು ಬಾಡಿಗೆಗೆ ತರುವುದು ಜಾಣತನ. ಒಳಗಿನ ಕಬ್ಬಿಣದ ಸರಳಿಗೆ ಬಿಟ್ಟು ತಾಗಿ ಮುಂದೆ ಸಾಗದೆ ನಿಂತಾಗ ಬಲ ಹಾಕಿದರೆ ಕಾರ್ಬೈಡಿನ ತುಣುಕು ಒಡೆಯುತ್ತದೆ. ರಂಧ್ರದ ಜಾಗವನ್ನು ಒಂದೆರಡು ಅಂಗುಲ ಸರಿಸುವುದೇ ಲೇಸು.

ಗೋಡೆಯ ರಂಧ್ರಕ್ಕೆ ತುಂಬುವ ರಾವಲ್ ಪ್ಲಗ್ ಎಂಬ ಬಿರಡೆಯನ್ನು ಇಂಗ್ಲೆಂಡಿನ ಜಾನ್ ರಾವ್ಲಿಂಗ್ಸ್ ಸೆಣಬಿನ ನಾರಿನಿಂದ ರೂಪಿಸಿ 1911ರಲ್ಲಿ ಹಕ್ಕುಪತ್ರ ಪಡೆದನು. ಇಂದಿನ ನೈಲಾನ್ ಬಿರಡೆಯು ಜರ್ಮನಿಯ ಆರ್ಟೂರ್ ಫಿಶರನ 1958ರ ಕಲ್ಪನೆ. ಬಿಟ್ಟಿನ ಅಳತೆಯೂ ಬಿರಡೆಯ ಅಳತೆಯೂ ಒಂದೇ ಆಗಿರತಕ್ಕದ್ದು, 6 ಮಿಲಿಮೀಟರಿನ ಬಿರಡೆಗೆ 6ರದೇ ಬಿಟ್ಟು. ಆಳವು ಬಿರಡೆಯ ಉದ್ದಕ್ಕಿಂತ ಸುಮಾರು 10 ಮಿಲಿಮೀಟರ್ ಹೆಚ್ಚಿರಬೇಕು. ಕೊರೆದ ಬಳಿಕ ಒಳಗಿನ ಧೂಳನ್ನು ಊದಿ ತೆಗೆಯದೆ ಬಿರಡೆಯನ್ನು ಬಡಿದರೆ ಅದು ಧೂಳಿನ ಮೇಲೆ ಕೂತು ಹಿಡಿತವಿಲ್ಲದಂತಾಗುವುದು. ಗೋಡೆಗೆ ಹಾಕಿದ ಮೊಳೆ ಸ್ಕ್ರೂಗಳು ಕಿತ್ತುಬರುವುದಕ್ಕೆ ಇದಕ್ಕಿಂತ ಸಾಮಾನ್ಯವಾದ ಕಾರಣವಿಲ್ಲ.

ಸ್ನಾನಗೃಹದ ಟೈಲುಗಳಲ್ಲಿ ಕೊರೆಯುವಾಗ ಬಡಿತವನ್ನು ಸರ್ವಥಾ ಬಳಸತಕ್ಕದ್ದಲ್ಲ. ಈಟಿಯ ಮೊನೆಯಂತಿರುವ ಕಾರ್ಬೈಡ್ ಬಿಟ್ಟು ಸಾಮಾನ್ಯ ಸೆರಾಮಿಕ್ ಟೈಲಿಗೂ ಗಾಜಿಗೂ ಒಗ್ಗುತ್ತದೆ. ನುಣುಪಾದ ಮೈಮೇಲೆ ಅಂಟುಪಟ್ಟಿಯನ್ನು ಹಚ್ಚಿಕೊಂಡು ಗುರುತು ಮಾಡಿದರೆ ಮೊನೆ ಜಾರದು. ಟೈಲಿನ ಪದರ ದಾಟಿದ ಮೇಲೆ ಬಿಟ್ಟನ್ನು ಬದಲಿಸಿ, ಗೋಡೆಯ ಬಿಟ್ಟಿನಿಂದ ಮುಂದುವರಿಯಬೇಕು. ವಿಟ್ರಿಫೈಡ್ ಟೈಲೂ ಗ್ರಾನೈಟೂ ಈಟಿಮೊನೆಗೆ ಮಣಿಯುವುದಿಲ್ಲ. ಅವುಗಳಿಗೆ ಅಂಚಿನಲ್ಲಿ ವಜ್ರದ ಕಣಗಳನ್ನು ಕೂರಿಸಿದ ಕೊಳವೆ ಬಿಟ್ಟೂ, ಬಿಡದೆ ಹನಿಸುವ ನೀರೂ ಬೇಕು. ನೀರಿಲ್ಲದೆ ಬಳಸಿದರೆ ಶಾಖದಿಂದ ಕಣಗಳು ಉದುರಿ ದುಬಾರಿಯಾದ ಬಿಟ್ಟು ಕೆಲವು ನಿಮಿಷಗಳಲ್ಲೇ ನಿರುಪಯೋಗವಾಗುತ್ತದೆ. ಕೊಳವೆಯ ನಡುವೆ ಮೊನೆಯಿಲ್ಲದುದರಿಂದ ಯಂತ್ರವನ್ನು ಮೊದಲು ಓರೆಯಾಗಿ ಹಿಡಿದು ಅಂಚಿನ ಒಂದು ಭಾಗದಿಂದ ಅರ್ಧಚಂದ್ರಾಕೃತಿಯ ಗಾಯವನ್ನು ಮಾಡಿ, ನಿಧಾನವಾಗಿ ನೆಟ್ಟಗಾಗಿಸುವುದು ಪದ್ಧತಿ.

ಲೋಹವನ್ನು ಕೊರೆಯುವವನು ಕಲಿಯಬೇಕಾದ ಮೊದಲ ಪಾಠ ವೇಗದ್ದು. ಅಂಚು ಪದಾರ್ಥದ ಮೇಲೆ ಹಾಯುವ ವೇಗವನ್ನು ನಿಮಿಷಕ್ಕೆ ಇಷ್ಟು ಮೀಟರ್ ಎಂದು ಎಣಿಸುತ್ತಾರೆ. ಹೈಸ್ಪೀಡ್ ಸ್ಟೀಲಿನ ಬಿಟ್ಟಿಗೆ ಮೆದು ಉಕ್ಕಿನಲ್ಲಿ ಇದು ಸುಮಾರು 25 ಮೀಟರ್, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅದರ ಅರ್ಧ, ಅಲ್ಯೂಮಿನಿಯಮ್ಮಿನಲ್ಲಿ ಅದರ ಎರಡು ಮೂರು ಪಟ್ಟು. ಈ ಸಂಖ್ಯೆಯನ್ನು 1,000ದಿಂದ ಗುಣಿಸಿ, ಮಿಲಿಮೀಟರಿನಲ್ಲಿ ಬಿಟ್ಟಿನ ವ್ಯಾಸವನ್ನು 3.14ರಿಂದ ಗುಣಿಸಿ ಬಂದ ಲಬ್ಧದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಬೇಕೆಂಬುದು ದೊರೆಯುತ್ತದೆ. ಅದರಂತೆ ಮೆದು ಉಕ್ಕಿನಲ್ಲಿ 3 ಮಿಲಿಮೀಟರಿನ ಬಿಟ್ಟಿಗೆ ಸುಮಾರು 2,650 ಸುತ್ತು, 6ಕ್ಕೆ 1,330, 10ಕ್ಕೆ 800. ಮನೆಬಳಕೆಯ ಯಂತ್ರಗಳು ಕುದುರೆಯನ್ನು ಪೂರ್ತಿ ಒತ್ತಿದಾಗ 2,500ಕ್ಕೂ ಮಿಕ್ಕಿ ಸುತ್ತುವುದು ಸಾಮಾನ್ಯ. ಎಂದರೆ 10 ಮಿಲಿಮೀಟರಿನ ಬಿಟ್ಟು ಉಕ್ಕಿನಲ್ಲಿ ಯೋಗ್ಯ ವೇಗದ ಮೂರು ಪಟ್ಟಿನಲ್ಲಿ ಓಡಿ, ಕತ್ತರಿಸುವ ಬದಲು ಉಜ್ಜಿ, ಬಿಸಿಯಾಗಿ ಮೊಂಡಾಗುತ್ತದೆ. ಬಿಟ್ಟು ದೊಡ್ಡದಾದಷ್ಟೂ, ಪದಾರ್ಥ ಗಟ್ಟಿಯಾದಷ್ಟೂ ವೇಗವನ್ನು ತಗ್ಗಿಸಬೇಕು, ಒತ್ತಡವನ್ನು ಹೆಚ್ಚಿಸಬೇಕು. ಹೊಸಬರ ಕೈ ಇದಕ್ಕೆ ನೇರ ವಿರುದ್ಧವಾಗಿ ನಡೆಯುವುದು ಸಹಜ, ಅವರು ಹಗುರವಾಗಿ ಹಿಡಿದು ಬಿರುಸಾಗಿ ಓಡಿಸುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಈ ತಪ್ಪಿಗೆ ಕ್ಷಮೆಯೇ ಇಲ್ಲ; ಅಂಚು ಕತ್ತರಿಸದೆ ಉಜ್ಜಿದೊಡನೆ ಆ ಉಕ್ಕಿನ ಮೇಲ್ಪದರವು ಇನ್ನಷ್ಟು ಗಟ್ಟಿಯಾಗಿ, ಬಳಿಕ ಹೊಸ ಬಿಟ್ಟಿಗೂ ಜಗ್ಗುವುದಿಲ್ಲ.

ಕೆಲಸ ಸರಿಯಾಗಿ ನಡೆಯುತ್ತಿದೆಯೆಂಬುದನ್ನು ಹೊರಬರುವ ಸಿಪ್ಪೆಯಿಂದ ತಿಳಿಯಬಹುದು. ಮೆದು ಉಕ್ಕಿನಲ್ಲಿ ಎರಡೂ ತೋಡುಗಳಿಂದ ಸಮನಾದ ಎರಡು ಸುರುಳಿಗಳು ಏಳುತ್ತಿದ್ದರೆ ಅಂಚುಗಳೆರಡೂ ಸಮವಾಗಿ ದುಡಿಯುತ್ತಿವೆ. ಒಂದೇ ಸುರುಳಿ ಬಂದರೆ ಸಾಣೆ ತಪ್ಪಿದೆ. ಸುರುಳಿಯೇ ಇಲ್ಲದೆ ಕಪ್ಪು ಪುಡಿ ಬಂದರೆ ಬಿಟ್ಟು ಮೊಂಡಾಗಿದೆ. ಎರಕದ ಕಬ್ಬಿಣವು ಮಾತ್ರ ಸ್ವಭಾವದಿಂದಲೇ ಪುಡಿಯಾಗಿ ಬರತಕ್ಕದ್ದು. ಉಕ್ಕಿಗೆ ಎಣ್ಣೆಯನ್ನೂ ಅಲ್ಯೂಮಿನಿಯಮ್ಮಿಗೆ ಸೀಮೆಎಣ್ಣೆಯನ್ನೂ ಹನಿಸುವುದು ವಾಡಿಕೆ. ಎರಕದ ಕಬ್ಬಿಣವನ್ನೂ ಹಿತ್ತಾಳೆಯನ್ನೂ ಒಣಗಿದಂತೆಯೇ ಕೊರೆಯುತ್ತಾರೆ. ತೆಳು ತಗಡಿನಲ್ಲಿ ಸುರುಳಿ ಬಿಟ್ಟು ಮೂರು ಮೂಲೆಯ ರಂಧ್ರ ಮಾಡಿ, ಹಾಯುವಾಗ ತಗಡನ್ನು ಹರಿದುಹಾಕುವುದರಿಂದ, ಮೆಟ್ಟಿಲು ಮೆಟ್ಟಿಲಾಗಿ ದಪ್ಪವೇರುವ ಶಂಕುವಿನಾಕಾರದ ಸ್ಟೆಪ್ ಬಿಟ್ಟೇ ಅಲ್ಲಿಗೆ ತಕ್ಕುದು. ಮರೆ ಕೊಯ್ಯುವ ರಂಧ್ರಗಳಿಗೆ ಬೋಲ್ಟಿನ ವ್ಯಾಸದಿಂದ ಮರೆಯ ಅಂತರವನ್ನು ಕಳೆದರೆ ಬಿಟ್ಟಿನ ಅಳತೆ ಸಿಗುತ್ತದೆ: 6 ಮಿಲಿಮೀಟರಿನ ಸಾಧಾರಣ ಮರೆಗೆ 5ರ ಬಿಟ್ಟು, 10ಕ್ಕೆ 8.5ರದು.

ಯಂತ್ರವು ಕೈಗೆ ಪೆಟ್ಟು ಮಾಡುವುದು ಬಹುತೇಕ ಬಿಟ್ಟು ಆಚೆ ಹಾಯುವ ಕ್ಷಣದಲ್ಲಿ. ಅಂಚು ಉಳಿದ ತೆಳುಪದರವನ್ನು ಕಚ್ಚಿಕೊಂಡು ನಿಂತು, ಯಂತ್ರವೋ ವಸ್ತುವೋ ಗಿರ್ರನೆ ತಿರುಗುತ್ತದೆ. ಆದುದರಿಂದ ಕೊನೆಯಲ್ಲಿ ಒತ್ತಡವನ್ನು ಸಡಿಲಿಸಬೇಕು, ಸಣ್ಣ ವಸ್ತುಗಳನ್ನು ಎಂದಿಗೂ ಕೈಯಲ್ಲಿ ಹಿಡಿಯದೆ ವೈಸಿನಲ್ಲಿ ಬಿಗಿಯಬೇಕು. ಕಣ್ಣಿಗೆ ಕನ್ನಡಕ ಅತ್ಯವಶ್ಯ. ಆದರೆ ತಿರುಗುವ ಬಿಟ್ಟಿನ ಬಳಿ ಕೈಗವಸು ಧರಿಸುವುದು ಅಪಾಯಕರ. ಜೋಲುವ ತೋಳು, ಸೆರಗು, ಬಿಚ್ಚಿದ ಕೂದಲು ಇವೂ ಹಾಗೆಯೇ. ಬಿಟ್ಟನ್ನು ಬದಲಿಸುವ ಮುನ್ನ ತಂತಿಯನ್ನು ಕಿತ್ತಿಡಬೇಕು, ಕೀಲಿಯುಳ್ಳ ಚಕ್ಕನ್ನು ಅದರ ಮೂರು ತೂತುಗಳಿಂದಲೂ ಬಿಗಿಯಬೇಕು. ಗೋಡೆಯಲ್ಲಿ ಸ್ವಿಚ್ಚು ಫಲಕಗಳ ನೇರ ಮೇಲೆ, ನೇರ ಕೆಳಗೆ, ಪಕ್ಕದಲ್ಲಿ ಹುದುಗಿದ ವಿದ್ಯುತ್ ತಂತಿಗಳಿರುವ ಸಂಭವವಿದೆ, ನಲ್ಲಿಗಳ ಸಾಲಿನಲ್ಲಿ ನೀರಿನ ಕೊಳವೆಗಳಿರುತ್ತವೆ; ಅಲ್ಲಿ ಕೊರೆಯಲೇಬಾರದು.

ಮೊಂಡಾದ ಸುರುಳಿ ಬಿಟ್ಟನ್ನು ಎಸೆಯುವುದು ಅಪವ್ಯಯ. ಸಾಣೆಯಲ್ಲಿ ನೋಡಿಕೊಳ್ಳಬೇಕಾದುದು ಮೂರು: ಪ್ರತಿ ಅಂಚೂ ಬಿಟ್ಟಿನ ಅಕ್ಷಕ್ಕೆ 59 ಡಿಗ್ರಿಯಲ್ಲಿರಬೇಕು, ಎರಡರ ಉದ್ದವೂ ಒಂದೇ ಆಗಿರಬೇಕು, ಬೆನ್ನು ಇಳಿಜಾರಾಗಿರಬೇಕು. ಒಂದು ಅಂಚು ಕೂದಲೆಳೆಯಷ್ಟು ಉದ್ದವಾದರೂ ರಂಧ್ರವು ಬಿಟ್ಟಿನ ಅಳತೆಗಿಂತ ದೊಡ್ಡದಾಗುವುದು. ಸಾಣೆಯಲ್ಲಿ ಕಾದು ಕೆಂಪಾದ ಹೈಸ್ಪೀಡ್ ಸ್ಟೀಲನ್ನು ತಣ್ಣೀರಿಗೆ ಅದ್ದಿದರೆ ಕಣ್ಣಿಗೆ ಕಾಣದ ಬಿರುಕುಗಳು ಮೂಡುತ್ತವೆ, ಗಾಳಿಯಲ್ಲಿ ಆರಲು ಬಿಡಬೇಕು. ಇಂಗಾಲದ ಉಕ್ಕಾದರೆ ತುದಿಯಲ್ಲಿ ನೀಲಿ ಬಣ್ಣ ಹರಿದ ಕೂಡಲೇ ಹದ ಹೋಯಿತೆಂದು ತಿಳಿದು, ಆ ಭಾಗವನ್ನೇ ಸಾಣೆಯಲ್ಲಿ ತೆಗೆದುಹಾಕಬೇಕು. ಕಾರ್ಬೈಡಿಗೆ ಹಸಿರು ಸಿಲಿಕಾನ್ ಕಾರ್ಬೈಡಿನ ಸಾಣೆಕಲ್ಲು ಬೇಕು, ಸಾಮಾನ್ಯ ಕಲ್ಲು ಅದನ್ನು ಮುಟ್ಟಲಾರದು.

ಹೊಸದಾಗಿ ಬೈರಿಗೆ ಕೊಂಡ ಗೃಹಸ್ಥನಿಗೆ 1ರಿಂದ 10 ಮಿಲಿಮೀಟರಿನವರೆಗಿನ ಒಳ್ಳೆಯ ಹೈಸ್ಪೀಡ್ ಸ್ಟೀಲಿನ ಒಂದು ವರಸೆ, 6, 8, 10ರ ಮೂರು ಗೋಡೆಯ ಬಿಟ್ಟುಗಳು, 6ರದೊಂದು ಈಟಿಮೊನೆಯ ಟೈಲ್ ಬಿಟ್ಟು, ಮರಗೆಲಸದ ಆಸೆಯುಂಟಾದರೆ ನಾಲ್ಕೈದು ಬ್ರಾಡ್ ಪಾಯಿಂಟುಗಳು, ಇಷ್ಟು ಸಾಕು; ಉಳಿದುದನ್ನು ಕೆಲಸ ಬಂದಾಗ ಒಂದೊಂದಾಗಿ ಕೊಳ್ಳಬಹುದು. ಅಗ್ಗದ ಬೆಲೆಗೆ ನೂರು ಬಿಟ್ಟುಗಳನ್ನು ತುಂಬಿಕೊಟ್ಟ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಕೊಳ್ಳಬಾರದು. ಅವುಗಳಲ್ಲಿ ಬಹುಪಾಲು ಬಿಟ್ಟುಗಳು ಗಟ್ಟಿ ಉಕ್ಕಿನ ಮೊದಲ ರಂಧ್ರಕ್ಕೇ ಮೊಂಡುಬೀಳುತ್ತವೆ.